ಉರುಳಿಕೆಯ ಪಾಠ: ಸೈಡ್ ಡ್ರಮ್ಮಿನ ನಾಲ್ಕು ಶತಮಾನಗಳ ಕಥೆ

ಧರ್ಮಕೇಂದ್ರವೊಂದರ ಶತಮಾನೋತ್ಸವದ ಸಂಚಿಕೆಯಲ್ಲಿ ದೇವಾಲಯದ ಕಟ್ಟಡದ ಇತಿಹಾಸವಿರುತ್ತದೆ; ಸೇವೆ ಸಲ್ಲಿಸಿದ ಗುರುವರ್ಯರ ಪಟ್ಟಿಯಿರುತ್ತದೆ; ಗಂಟೆಗೋಪುರಕ್ಕೆ ಧನಸಹಾಯ ಮಾಡಿದ ಮಹನೀಯರ ಹೆಸರುಗಳಿರುತ್ತವೆ. ಗಾಯನವೃಂದದ ಕುರಿತು ಒಂದೆರಡು ಮಾತು ಬರುವುದೂ ಉಂಟು. ಆದರೆ ಹಬ್ಬದ ಮೆರವಣಿಗೆಯಲ್ಲಿ ಬಿಸಿಲಿಗೆ ಬೆವರುತ್ತ ನಡೆಯುವ ಬ್ಯಾಂಡಿನ ಹುಡುಗರ ಬಗೆಗೆ, ಅವರಲ್ಲೂ ಸೈಡ್ ಡ್ರಮ್ ಬಾರಿಸುವವನ ಬಗೆಗೆ, ಯಾರೂ ಬರೆಯುವುದಿಲ್ಲ. ಕಹಳೆ ಊದುವವನತ್ತ ಜನರ ಕಣ್ಣು ಹೋಗುತ್ತದೆ. ಡ್ರಮ್ಮಿನವನು ಇದ್ದಾನೆಂಬುದು ಆತ ಲಯ ತಪ್ಪಿದಾಗ ಮಾತ್ರ ನಮಗೆ ತಿಳಿಯುತ್ತದೆ. ಆದಕಾರಣ ಈ ಸಂಚಿಕೆಯಲ್ಲಿ ನನ್ನ ಪಾಲಿಗೆ ಬಂದ ಪುಟಗಳನ್ನು ಆ ವಾದ್ಯಕ್ಕೆ, ಅದರಲ್ಲೂ ಅದರ ಅತ್ಯಂತ ಕಠಿಣವಾದ ಪಾಠವಾದ ಉರುಳಿಕೆಗೆ, ಮೀಸಲಿಡಲು ಬಯಸುತ್ತೇನೆ. ವಾಚಕರು ಹುಬ್ಬೇರಿಸಬಾರದು. ಈ ಪಾಠವನ್ನು ಅಚ್ಚಿನಲ್ಲಿ ವಿವರಿಸಿದ ಮೊದಮೊದಲಿಗರಲ್ಲಿ ಒಬ್ಬರು ನಮ್ಮ ಧರ್ಮಸಭೆಯ ಗುರುಗಳೇ ಆಗಿದ್ದರು.

ಮೊದಲು ವಾದ್ಯದ ಪರಿಚಯವಾಗಲಿ. ಸೈಡ್ ಡ್ರಮ್ಮಿಗೆ ಎರಡು ಮುಖಗಳು. ಮೇಲಿನ ಮುಖಕ್ಕೆ ಕೋಲಿನಿಂದ ಬಾರಿಸುತ್ತಾರೆ; ಕೆಳಗಿನ ತೆಳ್ಳನೆಯ ಮುಖಕ್ಕೆ ಅಡ್ಡಲಾಗಿ ತಂತಿಗಳನ್ನು ಬಿಗಿದಿರುತ್ತಾರೆ. ಹಿಂದೆ ಇವು ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿಗಳಾಗಿದ್ದವು, ಈಗ ಹೆಚ್ಚಾಗಿ ಉಕ್ಕಿನವು. ಮೇಲೆ ಪೆಟ್ಟು ಬಿದ್ದೊಡನೆ ಒಳಗಿನ ಗಾಳಿ ಕೆಳಗಿನ ಮುಖವನ್ನು ತಳ್ಳುತ್ತದೆ, ತಂತಿಗಳು ಆ ಚರ್ಮಕ್ಕೆ ಬಡಿದು ಝರ್ ಎನ್ನುತ್ತವೆ. ಈ ತಂತಿಗಳಿಂದಲೇ ಅದಕ್ಕೆ ಸ್ನೇರ್ ಡ್ರಮ್ ಎಂಬ ಹೆಸರು. ಸೈನಿಕನು ಅದನ್ನು ಪಟ್ಟಿಯಿಂದ ಪಕ್ಕಕ್ಕೆ ತೂಗುಹಾಕಿಕೊಳ್ಳುತ್ತಿದ್ದುದರಿಂದ ಸೈಡ್ ಡ್ರಮ್ ಎಂಬ ಹೆಸರು ಬಂದಿತು. ಬ್ರಿಟಿಷರ ದಂಡುಗಳಿಂದ ಕಲಿತ ನಮ್ಮ ದೇಶದ ಬ್ಯಾಂಡುಗಳಲ್ಲಿ ಈ ಎರಡನೆಯ ಹೆಸರೇ ಉಳಿದಿದೆ. ತೊಡೆಯ ಮೇಲೆ ವಾಲಿಕೊಂಡಿರುವ ವಾದ್ಯವನ್ನು ಬಾರಿಸಲು ಎಡಗೈಯ ಕೋಲನ್ನು ಅಂಗೈ ಮೇಲ್ಮುಖವಾಗಿ, ಹೆಬ್ಬೆರಳಿನ ಸಂದಿಯಲ್ಲಿ ಹಿಡಿಯಬೇಕಾಗುತ್ತದೆ. ಹಳೆಯ ಕೈಗಳು ಇಂದಿಗೂ ಹಾಗೆಯೇ ಹಿಡಿಯುತ್ತವೆ.

ಈ ವಾದ್ಯಕ್ಕೆ ಹುಟ್ಟಿನಿಂದಲೇ ಒಂದು ಕೊರತೆಯಿದೆ. ಪಿಟೀಲಿನ ಕಮಾನು ನಾದವನ್ನು ಎಳೆಯಬಲ್ಲದು, ಆರ್ಗನ್ನು ಬೆರಳೆತ್ತುವ ತನಕ ಹಾಡಬಲ್ಲದು. ಡ್ರಮ್ಮಿನ ಪೆಟ್ಟು ಹುಟ್ಟಿದ ಗಳಿಗೆಯಲ್ಲೇ ಸಾಯುತ್ತದೆ. ಒಂದು ದೀರ್ಘ ಸ್ವರ ಬೇಕೆಂದರೆ ಸಾಯುವ ಪೆಟ್ಟಿನ ಬೆನ್ನಿಗೇ ಮತ್ತೊಂದು ಹುಟ್ಟಬೇಕು, ಅದರ ಬೆನ್ನಿಗೆ ಇನ್ನೊಂದು. ಕಿವಿಯು ಅವುಗಳ ನಡುವಣ ಅಂತರವನ್ನು ಗುರುತಿಸದಷ್ಟು ಒತ್ತಾಗಿ, ಆದರೆ ಎಲ್ಲವೂ ಒಂದೇ ತೂಕದಲ್ಲಿ ಬೀಳಬೇಕು. ಇದೇ ಉರುಳಿಕೆ. ನಮ್ಮ ಕರಾವಳಿಯ ಯಕ್ಷಗಾನದ ಚೆಂಡೆಯವರು ಬಳಸುವ ಈ ಮಾತೇ ಇಲ್ಲಿಗೂ ಒಪ್ಪುತ್ತದೆಂದು ನಾನು ಅದನ್ನು ಆರಿಸಿಕೊಂಡಿದ್ದೇನೆ.

ಫ್ರಾನ್ಸ್ ದೇಶದ ಲಾಂಗ್ರ್ ನಗರದ ಪ್ರಧಾನಾಲಯದಲ್ಲಿ ಕ್ಯಾನನ್ ಪದವಿಯಲ್ಲಿದ್ದ ಝಾನ್ ತಾಬುರೋ ಎಂಬ ಗುರುಗಳು 1520ರಲ್ಲಿ ಜನಿಸಿ 1595ರಲ್ಲಿ ದೈವಾಧೀನರಾದರು. ಅವರು ತಮ್ಮ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ 'ತ್ವಾನೋ ಆರ್ಬೋ' ಎಂಬ ಗುಪ್ತನಾಮವನ್ನು ಕಟ್ಟಿಕೊಂಡು, 1589ರಲ್ಲಿ 'ಓರ್ಕೆಸೋಗ್ರಫಿ' ಎಂಬ ಗ್ರಂಥವನ್ನು ಪ್ರಕಟಿಸಿದರು. ವಾಸ್ತವವಾಗಿ ಅದು ನೃತ್ಯದ ಪುಸ್ತಕ. ಕಾಪ್ರಿಯೋಲ್ ಎಂಬ ಯುವ ವಕೀಲನು ಪ್ರಶ್ನೆ ಕೇಳುತ್ತಾನೆ, ಗುರುಗಳು ಉತ್ತರಿಸುತ್ತಾರೆ; ನಮ್ಮ ಹಳೆಯ ಧರ್ಮೋಪದೇಶದ ಪುಸ್ತಕಗಳ ಕ್ರಮವೇ. ನೃತ್ಯಕ್ಕೆ ಹೋಗುವ ಮುನ್ನ ಅವರು ಸೈನಿಕರ ನಡಿಗೆಯ ಡ್ರಮ್ಮನ್ನು ಕೈಗೆತ್ತಿಕೊಂಡು ಅನೇಕ ಪುಟಗಳನ್ನು ಅದಕ್ಕೇ ವಿನಿಯೋಗಿಸುತ್ತಾರೆ. ಫ್ರೆಂಚ್ ನಡಿಗೆಯಲ್ಲಿ ಎಂಟು ಮಾತ್ರೆಗಳು; ಮೊದಲ ಐದರಲ್ಲಿ ಪೆಟ್ಟು, ಕೊನೆಯ ಮೂರರಲ್ಲಿ ಮೌನ. ಒಂದು ಮಾತ್ರೆಗೆ ಒಂದೇ ಪೆಟ್ಟಾದರೆ 'ತಾನ್', ಎರಡಾದರೆ 'ತೆರೆ', ನಾಲ್ಕಾದರೆ 'ಫ್ರೆ'. ಈ ಮೂರು ಶಬ್ದಗಳನ್ನು ಅದಲುಬದಲು ಮಾಡಿ ಒಂದೇ ನಡಿಗೆಗೆ ಎಷ್ಟೆಲ್ಲ ರೂಪಗಳನ್ನು ಕೊಡಬಹುದೆಂದು ಅವರು ತಾಳ್ಮೆಯಿಂದ ಸಾಲುಸಾಲಾಗಿ ಬರೆದು ತೋರಿಸಿದ್ದಾರೆ. ಮೃದಂಗದ ವಿದ್ಯಾರ್ಥಿಯು ಕೈ ಇಡುವ ಮುನ್ನ ಬಾಯಲ್ಲಿ 'ತ ಧಿ ತೋಂ ನಂ' ಹೇಳುವುದನ್ನು ಕೇಳಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಬಾಯಿ ಹೇಳದುದನ್ನು ಕೈ ಬಾರಿಸಲಾರದು ಎಂಬುದು ಲಾಂಗ್ರ್‌ನ ಆ ವೃದ್ಧ ಗುರುಗಳಿಗೂ ಗೊತ್ತಿತ್ತು.

ಆ ಕಾಲಕ್ಕೆ ಈ ವಿದ್ಯೆಯಲ್ಲಿ ಯೂರೋಪಿಗೆಲ್ಲ ಮೇಷ್ಟ್ರುಗಳಾಗಿದ್ದವರು ಸ್ವಿಸ್ ದೇಶದವರು. ಕೂಲಿ ಸೈನಿಕರಾಗಿ ನಾನಾ ಅರಸರ ಬಳಿ ದುಡಿಯುತ್ತಿದ್ದ ಅವರು 15 ಮತ್ತು 16ನೇ ಶತಮಾನಗಳಲ್ಲಿ ಡ್ರಮ್ಮನ್ನೂ ಕಿರುಗೊಳಲನ್ನೂ ಹೋದಲ್ಲೆಲ್ಲ ಕೊಂಡೊಯ್ದರು. 1506ರ ಜನವರಿ 22ರಂದು 150 ಮಂದಿ ಸ್ವಿಸ್ ಸೈನಿಕರು ರೋಮ್ ನಗರವನ್ನು ಪ್ರವೇಶಿಸಿ ಜಗದ್ಗುರು ಎರಡನೇ ಜೂಲಿಯಸ್ಸರ ಅಂಗರಕ್ಷಕರಾದರು. ಇಂದಿಗೂ ವ್ಯಾಟಿಕನ್ನಿನ ಸ್ವಿಸ್ ಕಾವಲು ಪಡೆಯಲ್ಲಿ ಡ್ರಮ್ ಬಾರಿಸುವವರಿದ್ದಾರೆ. ಸಂತ ಪೇತ್ರರ ಮಹಾದೇವಾಲಯದ ಬಳಿ ಅವರ ಪಟ್ಟೆಪಟ್ಟೆಯ ಉಡುಪನ್ನು ನೋಡಿ ಬಂದ ಯಾತ್ರಿಕರು ನಮ್ಮಲ್ಲಿ ಕೆಲವರಿದ್ದಾರಷ್ಟೆ. ಅವರ ಡ್ರಮ್ಮನ್ನೂ ಕೇಳಿದವರು ವಿರಳ.

ಸ್ವಿಸ್ ಪರಂಪರೆಯ ತವರು ಬಾಸೆಲ್ ನಗರ. ಅಲ್ಲೊಂದು ವಿಚಿತ್ರವಿದೆ. 1529ರಲ್ಲಿ ಬಾಸೆಲ್ ಮತಸುಧಾರಣೆಯ ಪಕ್ಷಕ್ಕೆ ಹೋಯಿತು. ಆದರೆ ತಪಸ್ಸುಕಾಲಕ್ಕೆ ಮುಂಚಿನ ಮೋಜಿನ ಹಬ್ಬವನ್ನು ಮಾತ್ರ ಜನ ಕೈಬಿಡಲಿಲ್ಲ. ಉಪವಾಸವನ್ನು ಬಿಟ್ಟು ಹಬ್ಬವನ್ನು ಉಳಿಸಿಕೊಂಡರೆಂದು ನಗುವ ಹಕ್ಕು ನಮಗಿದೆಯೋ ಇಲ್ಲವೋ, ಅದು ಬೇರೆ ಮಾತು. ಬೂದಿ ಬುಧವಾರದ ನಂತರದ ಸೋಮವಾರ ಬೆಳಗಿನ ಜಾವ 4 ಗಂಟೆಗೆ ಸರಿಯಾಗಿ ಊರಿನ ದೀಪಗಳೆಲ್ಲ ಆರುತ್ತವೆ. ಆ ಕತ್ತಲಲ್ಲಿ ನೂರಾರು ಡ್ರಮ್ಮುಗಳು ಒಮ್ಮೆಲೇ ಎದ್ದು ನಿಲ್ಲುತ್ತವೆ. 2017ರಲ್ಲಿ ಈ ಉತ್ಸವವು ಯುನೆಸ್ಕೋ ಸಂಸ್ಥೆಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಬಾಸೆಲ್ಲಿನವರ ಪೆಟ್ಟುಗಳು ಬಹುಕಾಲ ಬಾಯಿಂದ ಕಿವಿಗೇ ಸಾಗಿ ಬಂದವು. 1928ರಲ್ಲಿ ಡಾಕ್ಟರ್ ಫ್ರಿಟ್ಸ್ ಬೆರ್ಗರ್ ಎಂಬವರು ಅವನ್ನು ಬರೆಯಲು ಒಂದು ಸರಳ ಉಪಾಯವನ್ನು ಪ್ರಕಟಿಸಿದರು: ಒಂದೇ ಗೆರೆ, ಬಲಗೈಯ ಪೆಟ್ಟು ಗೆರೆಯ ಮೇಲೆ, ಎಡಗೈಯದು ಕೆಳಗೆ.

ಈ ಪೆಟ್ಟುಗಳಿಗೆ ಇಷ್ಟೊಂದು ಕಟ್ಟುನಿಟ್ಟು ಏಕೆಂದರೆ, ಅವು ಮನರಂಜನೆಯಾಗಿರಲಿಲ್ಲ, ಆಜ್ಞೆಗಳಾಗಿದ್ದವು. ತೋಪುಗಳ ಗರ್ಜನೆಯ ನಡುವೆ ದಳಪತಿಯ ಬಾಯಿಮಾತು ಹತ್ತು ಮಾರು ದೂರಕ್ಕೂ ಕೇಳದು. ಕಹಳೆಯ ಧ್ವನಿ ಅಸ್ಪಷ್ಟವಾದರೆ ಯುದ್ಧಕ್ಕೆ ಯಾರು ಸಿದ್ಧರಾದಾರು ಎಂಬ ಅರ್ಥದ ಉಪಮೆಯನ್ನು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯದಲ್ಲಿ ಕೊಟ್ಟಿರುವುದು ವಾಚಕರಿಗೆ ನೆನಪಿರಬಹುದು. ಡ್ರಮ್ಮಿನ ವಿಷಯದಲ್ಲಿಯೂ ಹಾಗೆಯೇ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಜರ್ಮನಿಯಿಂದ ಬಂದ ಬ್ಯಾರನ್ ಫಾನ್ ಸ್ಟಾಯ್ಬೆನ್ 1779ರಲ್ಲಿ ಸೈನ್ಯಕ್ಕೆ ಬರೆದುಕೊಟ್ಟ ನಿಯಮಾವಳಿಯಲ್ಲಿ ಡ್ರಮ್ಮಿನ ಸಂಕೇತಗಳಿಗೆ ಪ್ರತ್ಯೇಕ ಅಧ್ಯಾಯವಿದೆ. ಎಲ್ಲರೂ ಏಳಲು ಒಂದು, ಡೇರೆ ಕೀಳಲು ಒಂದು, ಕೂಡಿಬರಲು ಒಂದು, ಸಂಜೆ ಮುಗಿಸಲು ಒಂದು, ಶತ್ರುವಿನೊಡನೆ ಸಂಧಾನಕ್ಕೆ ಇನ್ನೊಂದು. ಒಂದನ್ನು ಇನ್ನೊಂದೆಂದು ತಿಳಿದರೆ ಹೋಗುವುದು ಪ್ರಾಣ.

ಉರುಳಿಕೆಯ ಇತಿಹಾಸದಲ್ಲಿ ಕ್ರೈಸ್ತ ವಾಚಕರು ಮರೆಯಲಾಗದ ದಿನವೊಂದಿದೆ: 1793ರ ಜನವರಿ 21. ಪ್ಯಾರಿಸ್ಸಿನಲ್ಲಿ ದೊರೆ ಹದಿನಾರನೇ ಲೂಯಿಯನ್ನು ವಧಾಸ್ಥಾನಕ್ಕೆ ತಂದರು. ಐರ್ಲೆಂಡಿನಲ್ಲಿ ಹುಟ್ಟಿದ ಗುರು ಎಡ್ಜ್‌ವರ್ತ್ ಅವರು ಕೊನೆಯ ಗಳಿಗೆಯವರೆಗೆ ದೊರೆಯ ಪಕ್ಕದಲ್ಲಿದ್ದರು. ಕಟ್ಟೆಯ ಮೇಲೆ ನಿಂತ ದೊರೆ ಜನರತ್ತ ತಿರುಗಿ, ತಾನು ನಿರಪರಾಧಿಯಾಗಿ ಸಾಯುತ್ತಿದ್ದೇನೆಂದು ಹೇಳತೊಡಗಿದನು. ಮಾತು ಮುಂದುವರಿಯುವಷ್ಟರಲ್ಲಿ ಡ್ರಮ್ಮುಗಳಿಗೆ ಆಜ್ಞೆ ಹೊರಟಿತು. ಉರುಳಿಕೆ ಎದ್ದಿತು, ಮಾತು ಮುಳುಗಿತು. ದೊರೆಯ ಆಳ್ವಿಕೆಯ ಗುಣದೋಷಗಳನ್ನು ಚರ್ಚಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಸಾಯುವವನೊಬ್ಬನ ಕೊನೆಯ ವಾಕ್ಯವನ್ನು ಅಳಿಸಿಹಾಕಲು ಸಮರ್ಥವಾದ ನಾದ ಇದು ಎಂಬುದನ್ನು ಬಾರಿಸಲು ಕಲಿಯುವವನು ತಿಳಿದಿರಬೇಕೆಂದು ನನಗೆ ಅನ್ನಿಸುತ್ತದೆ.

ಉರುಳಿಕೆ ಮತ್ತು ಅದರ ಬಂಧುಗಳಿಗೆ 'ರೂಡಿಮೆಂಟ್' ಅಂದರೆ ಮೂಲಪಾಠಗಳು ಎಂಬ ಹೆಸರನ್ನು ಕೊಟ್ಟು ಅಚ್ಚು ಹಾಕಿದವರು ಅಮೆರಿಕದ ಚಾರ್ಲ್ಸ್ ಸ್ಟೂವರ್ಟ್ ಆಶ್‌ವರ್ತ್, 1812ರಲ್ಲಿ. ಆತನು ಅಲ್ಲಿನ ಮರೀನ್ ದಳದ ಬ್ಯಾಂಡಿಗೆ ಸೇರಿದವನು. ಅದೇ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ದಳದ ಡ್ರಮ್ ಮೇಜರ್ ಸ್ಯಾಮ್ಯುಯಲ್ ಪಾಟರ್ ಬ್ರಿಟಿಷ್ ದಂಡಿನ ಕ್ರಮವನ್ನು ಪುಸ್ತಕವಾಗಿಸಿದನು. ಆ ದಂಡು ಬೆಂಗಳೂರಿನಲ್ಲಿ ಠಾಣ್ಯ ಹೂಡಿದ್ದೂ ಅದೇ ಕಾಲದಲ್ಲಿ. ನಮ್ಮ ನಾಡಿನ ಕಿವಿಗಳಿಗೆ ಸೈಡ್ ಡ್ರಮ್ಮಿನ ಪರಿಚಯವಾದುದು ಇಂತಹ ದಂಡುಗಳಿಂದಲೇ. ಮದುವೆ ಬ್ಯಾಂಡು, ಪೊಲೀಸ್ ಬ್ಯಾಂಡು, ಶಾಲೆಗಳ ಎನ್‌ಸಿಸಿ ಬ್ಯಾಂಡು, ದೇವಾಲಯದ ಬ್ಯಾಂಡು, ಇವೆಲ್ಲ ಆ ಬೇರಿನ ಕವಲುಗಳು.

ಅಮೆರಿಕದ ಅಂತರ್ಯುದ್ಧ 1861ರಿಂದ 1865ರವರೆಗೆ ನಡೆಯಿತು. ಡ್ರಮ್ ಬಾರಿಸುವವರು ಹೆಚ್ಚಾಗಿ ಮಕ್ಕಳು. ನ್ಯೂಯಾರ್ಕಿನ ಗವರ್ನರ್ಸ್ ದ್ವೀಪದಲ್ಲಿ ಅವರಿಗೆ ತರಬೇತಿ ಶಾಲೆಯಿತ್ತು. ಆ ಕಾಲದ ಪಾಠಗಳನ್ನು 1862ರಲ್ಲಿ ಬ್ರೂಸ್ ಮತ್ತು ಎಮೆಟ್ ಎಂಬವರು ಪುಸ್ತಕವಾಗಿ ತಂದರು. ಶಿಬಿರದಲ್ಲಿ 'ಲಾಂಗ್ ರೋಲ್', ಅಂದರೆ ನಿಲ್ಲದೆ ಸಾಗುವ ದೀರ್ಘ ಉರುಳಿಕೆ ಕೇಳಿಸಿತೆಂದರೆ ಅದಕ್ಕೆ ಒಂದೇ ಅರ್ಥ: ಶತ್ರು ಬಂದ, ಆಯುಧ ಹಿಡಿಯಿರಿ. ನಿದ್ದೆಗಣ್ಣಿನ ಸಾವಿರಾರು ಜನರನ್ನು ಎಬ್ಬಿಸುವ ಹೊಣೆ ಹದಿಮೂರು ಹದಿನಾಲ್ಕು ವರ್ಷದ ಕೈಗಳ ಮೇಲಿರುತ್ತಿತ್ತು. ವರ್ಮಾಂಟ್ ಪ್ರಾಂತದ ವಿಲ್ಲಿ ಜಾನ್ಸ್‌ಟನ್ ಎಂಬ ಬಾಲಕನಿಗೆ 1862ರ ಬೇಸಿಗೆಯಲ್ಲಿ ಕೇವಲ 11 ವರ್ಷ. ಏಳು ದಿನಗಳ ಹಿಮ್ಮೆಟ್ಟುವಿಕೆಯಲ್ಲಿ ದೊಡ್ಡವರು ಕೋವಿಗಳನ್ನೂ ಹೊರೆಗಳನ್ನೂ ಎಸೆದು ಓಡುತ್ತಿದ್ದಾಗ ಆತನು ತನ್ನ ಡ್ರಮ್ಮನ್ನು ಬಿಡದೆ ಹೊತ್ತು ತಂದನು. ಮರುವರ್ಷ ಅವನಿಗೆ ಆ ದೇಶದ ಅತ್ಯುನ್ನತ ಶೌರ್ಯಪದಕ ದೊರೆಯಿತು. ಮಕ್ಕಳನ್ನು ರಣರಂಗಕ್ಕೆ ಕಳಿಸಿದ ದೇಶವನ್ನು ಮೆಚ್ಚಲು ನನ್ನಿಂದಾಗದು. ಆ ಮಗುವನ್ನು ಮೆಚ್ಚದಿರಲೂ ಆಗದು.

ಯುದ್ಧ ಮುಗಿದ ಮೇಲೆ 1869ರಲ್ಲಿ ಗಾರ್ಡಿನರ್ ಸ್ಟ್ರೂಬ್ ಎಂಬಾತನು 25 ಪಾಠಗಳ ಒಂದು ಕ್ರಮವನ್ನು ಪ್ರಕಟಿಸಿದನು. ಸೈನ್ಯವು ಅದನ್ನು ಅಂಗೀಕರಿಸಿತು. ಅದರ ಕೊನೆಯ ಪೆಟ್ಟಿಗೆ ಬೇರೆ ಹೆಸರೇ ಹುಟ್ಟದೆ, ಇಂದಿಗೂ ಜಗತ್ತಿನಾದ್ಯಂತ ಅದನ್ನು '25ನೇ ಪಾಠ' ಎಂದೇ ಕರೆಯುತ್ತಾರೆ. ಕ್ರಮೇಣ ಕಹಳೆಯೂ ಆಮೇಲೆ ತಂತಿ-ಟೆಲಿಫೋನುಗಳೂ ಬಂದು ರಣರಂಗದಲ್ಲಿ ಡ್ರಮ್ಮಿನ ಕೆಲಸ ಮುಗಿಯಿತು. ವಿದ್ಯೆ ಮರೆಯಾಗುವ ಹಂತದಲ್ಲಿ ಸ್ಯಾನ್‌ಫೋರ್ಡ್ ಮೋಯ್ಲರ್ ಎಂಬ ನಗರವಾಸಿ ವಾದಕನು, ಇನ್ನೂ ಬದುಕಿದ್ದ ಅಂತರ್ಯುದ್ಧದ ಮುದುಕರನ್ನು ಹುಡುಕಿಕೊಂಡು ಹೋಗಿ ಅವರ ಕೈಗಳ ಚಲನೆಯನ್ನು ನೋಡಿ ಕಲಿತು, 1925ರಲ್ಲಿ ಪುಸ್ತಕ ಬರೆದನು. ಪುಸ್ತಕಗಳು ಕಪಾಟಿನಲ್ಲಿರುವಾಗ ಮುದುಕರ ಬಳಿಗೆ ಏಕೆ ಹೋಗಬೇಕಿತ್ತು? ಈ ಪ್ರಶ್ನೆಯೇ ನಮ್ಮನ್ನು ವಿಷಯದ ತಿರುಳಿಗೆ ಕೊಂಡೊಯ್ಯುತ್ತದೆ.

ಉರುಳಿಕೆಯನ್ನು ಕಲಿಯುವ ಕ್ರಮ ನೋಡಲು ಬಹು ಸುಲಭ. ಬಲಗೈಯಿಂದ ಎರಡು ಪೆಟ್ಟು, ಎಡಗೈಯಿಂದ ಎರಡು. ಬಲ ಬಲ, ಎಡ ಎಡ. ಇಂಗ್ಲಿಷ್ ಮಕ್ಕಳಿಗೆ ಇದನ್ನು 'ಡ್ಯಾಡಿ ಮಮ್ಮಿ' ಎಂದು ಬಾಯಿಪಾಠ ಮಾಡಿಸುತ್ತಿದ್ದರು. ಮೊದಲು ಗಡಿಯಾರದ ಲೋಲಕದಷ್ಟು ನಿಧಾನ, ಆಮೇಲೆ ತಿಳಿಯದಷ್ಟು ಮೆಲ್ಲಮೆಲ್ಲನೆ ವೇಗ, ತುತ್ತತುದಿಯನ್ನು ಮುಟ್ಟಿದ ಬಳಿಕ ಮತ್ತೆ ಅಷ್ಟೇ ಮೆಲ್ಲನೆ ಇಳಿಯುವುದು. ನಿಧಾನದಲ್ಲಿ ಎರಡು ಪೆಟ್ಟುಗಳನ್ನೂ ಮಣಿಕಟ್ಟೇ ಕೊಡುತ್ತದೆ. ವೇಗದಲ್ಲಿ ಮಣಿಕಟ್ಟು ಒಂದನ್ನು ಕೊಟ್ಟರೆ ಎರಡನೆಯದು ಕೋಲಿನ ಪುಟಿತದಿಂದ ಬರುತ್ತದೆ. ಇವೆರಡರ ನಡುವೆ ಒಂದು ಹೊಳೆಯಿದೆ. ಬಹಳ ಮಂದಿ ಮುಳುಗುವುದು ಅಲ್ಲಿಯೇ. ಮಣಿಕಟ್ಟು ಸೋತಿರುತ್ತದೆ, ಪುಟಿತ ಇನ್ನೂ ಒದಗಿರುವುದಿಲ್ಲ. ಎರಡನೆಯ ಪೆಟ್ಟು ಯಾವಾಗಲೂ ತಮ್ಮನಂತೆ ಸೊರಗುತ್ತದೆ. ಅದಕ್ಕೆ ಹಳೆಯ ಗುರುಗಳ ಔಷಧ ಒಂದೇ: ಕಲಿಯುವಾಗ ಎರಡನೆಯದಕ್ಕೇ ಹೆಚ್ಚು ಒತ್ತು ಕೊಡು, ಆಗ ಎರಡೂ ಸಮವಾಗುತ್ತವೆ. ಇದನ್ನು ಬಿಡಿ ಉರುಳಿಕೆ ಎನ್ನುತ್ತಾರೆ. ಕೋಲನ್ನು ಚರ್ಮಕ್ಕೆ ಒತ್ತಿ ಅನೇಕ ಸಣ್ಣ ಪುಟಿತಗಳನ್ನು ಬೆರೆಸಿಬಿಡುವುದು ಮುಚ್ಚಿದ ಉರುಳಿಕೆ. ಇದು ವಾದ್ಯಗೋಷ್ಠಿಗೆ ಸೇರಿದ್ದು. 1817ರಲ್ಲಿ ರೊಸ್ಸೀನಿ ರಚಿಸಿದ 'ಲಾ ಗಾಟ್ಸಾ ಲಾದ್ರಾ' ಗೀತನಾಟಕದ ಪೀಠಿಕೆಯು ಸೈಡ್ ಡ್ರಮ್ಮಿನ ಉರುಳಿಕೆಯಿಂದಲೇ ತೆರೆದುಕೊಳ್ಳುತ್ತದೆ. ಬೀದಿಯ ನಡಿಗೆಗೆ ಮಾತ್ರ ಬಿಡಿ ಉರುಳಿಕೆಯೇ ಸೈ. ನಮ್ಮ ಕಡೆಯ ಬ್ಯಾಂಡುಗಳಲ್ಲಿ ಮೊದಲನೆಯದನ್ನು ಕಲಿಯುವ ತಾಳ್ಮೆಯಿಲ್ಲದೆ ಎರಡನೆಯದನ್ನು ಒತ್ತಿ ಕೆಲಸ ಮುಗಿಸುವ ಅಭ್ಯಾಸ ಕಂಡುಬರುತ್ತದೆ. ನನಗೆ ಅದು ಜಪಮಾಲೆಯ ಪ್ರಾರ್ಥನೆಗಳನ್ನು ನುಂಗಿ ನುಂಗಿ ಹೇಳಿದಂತೆ ಕೇಳಿಸುತ್ತದೆ.

ಕಲಿತ ಮೇಲೆ ಓದುವ ಕಷ್ಟ ಬರುತ್ತದೆ. ಸ್ವರಲಿಪಿಯಲ್ಲಿ ಉರುಳಿಕೆಯನ್ನು ಸ್ವರದ ಕಂಬಕ್ಕೆ ಮೂರು ಓರೆಗೆರೆ ಎಳೆದು ತೋರಿಸುತ್ತಾರೆ. ಹಳೆಯ ಪುಸ್ತಕಗಳಲ್ಲಿ ಮೇಲೆ 5, 7, 9 ಎಂಬ ಅಂಕಿ ಮಾತ್ರ ಇರುತ್ತದೆ. ಆ ಅಂಕಿ ಪೆಟ್ಟುಗಳ ಲೆಕ್ಕ. ಐದು ಪೆಟ್ಟಿನ ಉರುಳಿಕೆಯೆಂದರೆ ಎರಡು ಜೋಡಿ ಮತ್ತು ಕೊನೆಗೊಂದು ಒಂಟಿ ಪೆಟ್ಟು. ಒಂಬತ್ತಾದರೆ ನಾಲ್ಕು ಜೋಡಿ ಮತ್ತು ಒಂದು. ಆ ಒಂಟಿ ಪೆಟ್ಟಿಗೇ ಜೀವ. ಅದು ಹೆಜ್ಜೆಯ ಮೇಲೆ ಸರಿಯಾಗಿ ಬೀಳಬೇಕು. 5, 9, 13, 17 ಪೆಟ್ಟಿನವು ಯಾವ ಕೈಯಿಂದ ಆರಂಭವಾಗುತ್ತವೆಯೋ ಅದೇ ಕೈಯಲ್ಲಿ ಮುಗಿಯುತ್ತವೆ. 7, 11, 15 ಪೆಟ್ಟಿನವು ಕೈ ಬದಲಿಸುತ್ತವೆ. ಹಾಗಾಗಿ ಏಳು ಪೆಟ್ಟಿನದನ್ನು ಎಡಗೈಯಿಂದ ಆರಂಭಿಸಿ ಬಲಗೈಯಲ್ಲಿ ಮುಗಿಸುವುದು ಹಳೆಯ ಸಂಪ್ರದಾಯ.

ಲೆಕ್ಕವನ್ನು ಕಾಲದೊಡನೆ ಹೊಂದಿಸಿ ನೋಡೋಣ. ಚುರುಕು ನಡಿಗೆ ನಿಮಿಷಕ್ಕೆ 120 ಹೆಜ್ಜೆ. ಹೆಜ್ಜೆಯೊಂದಕ್ಕೆ ಅರ್ಧ ಸೆಕೆಂಡು. ಒಂಬತ್ತು ಪೆಟ್ಟಿನ ಉರುಳಿಕೆ ಒಂದು ಹೆಜ್ಜೆಯನ್ನು ತುಂಬುತ್ತದೆ: ಎಂಟು ಪೆಟ್ಟು ಆ ಹೆಜ್ಜೆಯೊಳಗೆ, ಒಂಬತ್ತನೆಯದು ಮುಂದಿನ ಹೆಜ್ಜೆಯ ಮೇಲೆ. ಅಂದರೆ ಸೆಕೆಂಡಿಗೆ 16 ಪೆಟ್ಟು. ಕಿವಿಗೆ ಒಂದೇ ನಾದವೆನ್ನಿಸಲು ಇದು ಸಾಕು. ಅದೇ ಬ್ಯಾಂಡು ಶವಯಾತ್ರೆಯಲ್ಲಿ ನಿಮಿಷಕ್ಕೆ 60 ಹೆಜ್ಜೆಯಂತೆ ನಡೆಯುವಾಗ ಅದೇ ಒಂಬತ್ತು ಪೆಟ್ಟನ್ನು ಬಾರಿಸಿದರೆ ಸೆಕೆಂಡಿಗೆ ಎಂಟೇ ಪೆಟ್ಟು ಬಿದ್ದು, ಉರುಳಿಕೆಯು ಕಲ್ಲುದಾರಿಯಲ್ಲಿ ಗಾಡಿ ಹೋದಂತೆ ಕುಲುಕುತ್ತದೆ. ಬರೆದ ಸ್ವರ ಅದೇ, ಮೂರು ಓರೆಗೆರೆಗಳೂ ಅವೇ. ಆದರೆ ಇಲ್ಲಿ ಹದಿಮೂರು ಅಥವಾ ಹದಿನೇಳು ಪೆಟ್ಟು ಬೇಕು. ಹದಿನೇಳು ಪೆಟ್ಟು ಚುರುಕು ನಡಿಗೆಯಲ್ಲಿ ಎರಡು ಹೆಜ್ಜೆಗಳನ್ನು ತುಂಬಿದರೆ ನಿಧಾನದ ನಡಿಗೆಯಲ್ಲಿ ಒಂದನ್ನೇ ತುಂಬುತ್ತದೆ. ಕಾಗದ ಇದನ್ನು ಹೇಳುವುದಿಲ್ಲ. ಬಾರಿಸುವವನು ಕಾಲನ್ನು ಕೇಳಿ ನಿರ್ಧರಿಸಬೇಕು.

ಏಳು ಪೆಟ್ಟಿನದರಲ್ಲಿ ಇನ್ನೂ ತೊಡಕು. ಮೂರು ಜೋಡಿಗಳನ್ನು ಇಡೀ ಹೆಜ್ಜೆಯ ಮೇಲೆ ಸಮನಾಗಿ, ತಿಸ್ರಗತಿಯಂತೆ, ಹರಡುವುದು ಒಂದು ಓದು. ಆಗ ಚುರುಕು ನಡಿಗೆಯಲ್ಲಿ ಸೆಕೆಂಡಿಗೆ 12 ಪೆಟ್ಟು. ಹೆಜ್ಜೆಯ ಮೊದಲ ಕಾಲುಭಾಗವನ್ನು ಖಾಲಿ ಬಿಟ್ಟು ಉಳಿದ ಮುಕ್ಕಾಲಿನಲ್ಲಿ ತುರುಕುವುದು ಇನ್ನೊಂದು ಓದು; ಆಗ 16. ಎರಡೂ ಕೊನೆಗೆ ಒಂದೇ ಜಾಗದಲ್ಲಿ ಬೀಳುತ್ತವೆ, ಆದರೆ ಮೊದಲನೆಯದು ತೇಲುತ್ತದೆ, ಎರಡನೆಯದು ನೆಗೆಯುತ್ತದೆ. ಒಂದೇ ಸಾಲಿನ ಇಬ್ಬರು ಎರಡು ಬಗೆಯಲ್ಲಿ ಓದಿದರೆ ಇಡೀ ಸಾಲು ಕಲಸಿಹೋಗುತ್ತದೆ. ಇನ್ನು ಉರುಳಿಕೆಯ ಸ್ವರವನ್ನು ಮುಂದಿನ ಸ್ವರಕ್ಕೆ ಕಮಾನಿನಿಂದ ಕಟ್ಟಿದ್ದರೆ ಎರಡೂ ಕೂಡಿಕೊಂಡು ಕೊನೆಯ ಪೆಟ್ಟು ಅಲ್ಲಿ ಬೀಳಬೇಕು. ಕಮಾನಿಲ್ಲದಿದ್ದರೆ ಕೂದಲೆಳೆಯಷ್ಟು ಬಿಡುವು ಕೊಟ್ಟು ಹೊಸದಾಗಿ ಬಾರಿಸಬೇಕು. ಅಚ್ಚು ಹಾಕುವವನು ಆ ಕಮಾನನ್ನು ಮರೆತಿದ್ದರೆ? ಆಗ ಪರಂಪರೆಯೇ ಗತಿ.

ಗುರುಮಠದಲ್ಲಿ ಗ್ರೆಗೋರಿಯನ್ ಗಾನವನ್ನು ಕಲಿತವರಿಗೆ ಇದು ಹೊಸ ವಿಚಾರವಲ್ಲ. ಆ ಚೌಕಾಕಾರದ ಚಿಹ್ನೆಗಳು ಸ್ವರದ ಏರಿಳಿತವನ್ನು ಹೇಳುತ್ತವೆ, ಎಷ್ಟು ಹೊತ್ತು ಎಂಬುದನ್ನು ಹೇಳುವುದಿಲ್ಲ. ಫ್ರಾನ್ಸಿನ ಸೊಲೇಮ್ ಮಠದ ಸನ್ಯಾಸಿಗಳು ಅದರ ಲಯಕ್ಕಾಗಿ ದಶಕಗಳ ಕಾಲ ಹಸ್ತಪ್ರತಿಗಳೊಡನೆ ಹೆಣಗಿದರು, ಪಂಡಿತರು ಅವರೊಡನೆ ವಾದಿಸಿದರು. ಡ್ರಮ್ಮಿನವರ ವಾದವೂ ಅದೇ ಜಾತಿಯದು. ಮೋಯ್ಲರ್ ಮುದುಕರ ಮನೆಬಾಗಿಲಿಗೆ ಹೋದುದು ಅದಕ್ಕೇ.

ಈ ಗೊಂದಲವನ್ನು ಕಡಿಮೆಮಾಡಲು 1933ರಲ್ಲಿ ಚಿಕಾಗೋ ನಗರದಲ್ಲಿ ಕೆಲವು ವಾದಕರು ಸೇರಿ ಒಂದು ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಹಳೆಯ ಪುಸ್ತಕಗಳಿಂದ 26 ಪಾಠಗಳನ್ನು ಆರಿಸಿ, 13ನ್ನು ಅತ್ಯಗತ್ಯವೆಂದೂ ಉಳಿದ 13ನ್ನು ಮುಂದಿನ ಹಂತವೆಂದೂ ವಿಂಗಡಿಸಿದರು. ದೀರ್ಘ ಉರುಳಿಕೆಯೂ ಐದು ಮತ್ತು ಏಳು ಪೆಟ್ಟಿನವೂ ಮೊದಲ ಪಟ್ಟಿಯಲ್ಲಿದ್ದವು. 1984ರಲ್ಲಿ ಪರ್ಕಸಿವ್ ಆರ್ಟ್ಸ್ ಸೊಸೈಟಿ ಎಂಬ ಸಂಸ್ಥೆಯು ಸ್ವಿಸ್ ಮೊದಲಾದ ಪರಂಪರೆಗಳನ್ನೂ ಗಣಿಸಿ 40 ಪಾಠಗಳ ಪಟ್ಟಿಯನ್ನು ಅಂಗೀಕರಿಸಿತು. ಅದರಲ್ಲಿ ಉರುಳಿಕೆಗಳೇ 15. ಈಗ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಈ ಪಟ್ಟಿಯೇ.

ಇನ್ನು ನಮ್ಮ ಧರ್ಮಸಭೆ ಈ ವಾದ್ಯವನ್ನು ಹೇಗೆ ಕಂಡಿತು? 1903ರ ನವೆಂಬರ್ 22ರಂದು, ಸಂಗೀತದ ಪಾಲಕಿ ಸಂತ ಸಿಸಿಲಿಯಳ ಹಬ್ಬದಂದು, ಜಗದ್ಗುರು ಹತ್ತನೇ ಪಯಸ್ಸರು ಪವಿತ್ರ ಸಂಗೀತದ ಕುರಿತು ಹೊರಡಿಸಿದ ಶಾಸನದಲ್ಲಿ ದೇವಾಲಯದೊಳಗೆ ಪಿಯಾನೋವನ್ನೂ ಡ್ರಮ್, ತಾಳ ಮುಂತಾದ ಗದ್ದಲದ ವಾದ್ಯಗಳನ್ನೂ ನಿಷೇಧಿಸಿದರು. ಬ್ಯಾಂಡುಗಳಿಗೆ ದೇವಾಲಯದ ಒಳಗೆ ಪ್ರವೇಶವಿಲ್ಲ. ಹೊರಗಿನ ಮೆರವಣಿಗೆಯಲ್ಲಿ ಮಾತ್ರ, ಅದೂ ಧರ್ಮಾಧ್ಯಕ್ಷರ ಒಪ್ಪಿಗೆಯಿಂದ, ಲೌಕಿಕ ಹಾಡುಗಳನ್ನು ನುಡಿಸದೆ. ಇಟಲಿಯ ದೇವಾಲಯಗಳಲ್ಲಿ ನಾಟಕಶಾಲೆಯ ಸಂಗೀತ ತುಂಬಿಹೋಗಿದ್ದ ಕಾಲದಲ್ಲಿ ಆ ಕಟ್ಟಳೆ ಅವಶ್ಯವಾಗಿತ್ತೆಂದೇ ನನ್ನ ಅಭಿಪ್ರಾಯ. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಪೂಜಾವಿಧಿಯ ಸಂವಿಧಾನದ 120ನೇ ಪರಿಚ್ಛೇದವು, ಪವಿತ್ರ ಬಳಕೆಗೆ ಯೋಗ್ಯವಾದ ಇತರ ವಾದ್ಯಗಳನ್ನೂ ಆಯಾ ಪ್ರದೇಶದ ಅಧಿಕಾರಿಗಳ ಸಮ್ಮತಿಯಿಂದ ಬಳಸಬಹುದೆಂದಿತು. ಆ ಬಾಗಿಲಿನಿಂದ ನಮ್ಮಲ್ಲಿ ತಬಲ, ಮೃದಂಗಗಳು ಬಲಿಪೂಜೆಗೆ ಬಂದವು. ಸೈಡ್ ಡ್ರಮ್ಮು ಮಾತ್ರ ಹೊಸ್ತಿಲಲ್ಲೇ ನಿಂತಿತು. ಅದರ ಜಾಗ ಅದೇ ಎಂದು ನನಗನ್ನಿಸುತ್ತದೆ. ಬಯಲಿನ ವಾದ್ಯವದು, ಸೂರಿನ ಕೆಳಗೆ ಅದಕ್ಕೂ ಸುಖವಿಲ್ಲ, ನಮಗೂ ಇಲ್ಲ.

ಬಯಲಿನಲ್ಲಿ ಅದು ಪ್ರಾರ್ಥನೆಯೂ ಆಗಬಲ್ಲದೆಂಬುದಕ್ಕೆ ಸ್ಪೇನ್ ದೇಶದ ಅರಗಾನ್ ಪ್ರಾಂತದ ಕಲಾಂದ ಎಂಬ ಸಣ್ಣ ಊರೇ ಸಾಕ್ಷಿ. ಶುಭ ಶುಕ್ರವಾರದಂದು ನಡುಮಧ್ಯಾಹ್ನ 12 ಗಂಟೆಗೆ ಊರ ಚೌಕದಲ್ಲಿ ಜನರು ಕಿಕ್ಕಿರಿದು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಗಂಟೆಯಾದೊಡನೆ ಸಾವಿರಾರು ಡ್ರಮ್ಮುಗಳೂ ದೊಡ್ಡ ಭೇರಿಗಳೂ ಒಮ್ಮೆಲೇ ಸಿಡಿಯುತ್ತವೆ. ಯೇಸುಸ್ವಾಮಿ ಪ್ರಾಣಬಿಟ್ಟಾಗ ಭೂಮಿ ನಡುಗಿ ಬಂಡೆಗಳು ಸೀಳಿದುದನ್ನು ಮತ್ತಾಯನ ಶುಭಸಂದೇಶ ಹೇಳುತ್ತದಲ್ಲವೇ, ಆ ನಡುಕದ ಸ್ಮರಣೆ ಅದು. ಮರುದಿನ ಮಧ್ಯಾಹ್ನದವರೆಗೆ ಸದ್ದು ನಿಲ್ಲದು. ಬಾರಿಸುವವರ ಬೆರಳುಗಳಿಂದ ರಕ್ತ ಒಸರಿ ಚರ್ಮದ ಮೇಲೆ ಕಲೆಯಾಗುತ್ತದೆ. ಆ ಊರಿನಲ್ಲಿ ಹುಟ್ಟಿದ ಚಲನಚಿತ್ರ ನಿರ್ದೇಶಕ ಲೂಯಿಸ್ ಬುನುಯೆಲ್ ಧರ್ಮಸಭೆಯನ್ನು ಕಟುವಾಗಿ ಟೀಕಿಸಿದವರು. ಆದರೂ ಒಬ್ಬ ಗುರುವಿನ ಕಥೆಯಾದ ತಮ್ಮ 1959ರ 'ನಸರೀನ್' ಚಿತ್ರವನ್ನು ಅವರು ಮುಗಿಸಿದ್ದು ಕಲಾಂದದ ಡ್ರಮ್ಮುಗಳ ನಾದದಿಂದಲೇ. 2018ರಲ್ಲಿ ಯುನೆಸ್ಕೋ ಸಂಸ್ಥೆಯು ಸ್ಪೇನಿನ ಈ ಬಗೆಯ ಡ್ರಮ್ ಆಚರಣೆಗಳನ್ನೂ ತನ್ನ ಪಟ್ಟಿಗೆ ಸೇರಿಸಿತು.

ನಮ್ಮ ಊರುಗಳಲ್ಲಿ ಅಷ್ಟು ದೊಡ್ಡ ಸದ್ದು ಬೇಡ. ಆದರೆ ಶವಯಾತ್ರೆಗೆ ಬ್ಯಾಂಡು ಬರುವಲ್ಲಿ ಡ್ರಮ್ಮಿಗೆ ಕಪ್ಪು ಬಟ್ಟೆ ಸುತ್ತಿ ತಂತಿಗಳನ್ನು ಸಡಿಲಿಸುವ ಪದ್ಧತಿಯನ್ನಾದರೂ ಉಳಿಸಿಕೊಳ್ಳಬೇಕು. ಝರ್ ಎನ್ನುವ ನಾದ ಹೋಗಿ, ಮನೆಯೊಳಗಿನಿಂದ ಬಂದಂತಹ ಮಂದ್ರ ಧ್ವನಿಯೊಂದು ಉಳಿಯುತ್ತದೆ. ಗತಿಸಿದವರು ಬಡವರಾಗಿರಲಿ, ಸಿರಿವಂತರಾಗಿರಲಿ, ಆ ನಿಧಾನದ ಹದಿನೇಳು ಪೆಟ್ಟು ಎಲ್ಲರಿಗೂ ಒಂದೇ. ಅದನ್ನು ಬಾರಿಸಬಲ್ಲ ಕೈಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಬಾಡಿಗೆಯ ಬ್ಯಾಂಡಿಗೆ ಯಾವ ಹೆಜ್ಜೆಗೂ ಒಂದೇ ಪೆಟ್ಟು. ಹುಡುಗರಿಗೆ ಕಲಿಯುವ ಮನಸ್ಸಿಲ್ಲವೆಂಬ ದೂರನ್ನು ನಾನು ಒಪ್ಪುವುದಿಲ್ಲ. ಕಲಿಸುವವನು ಎದುರು ಕೂತು 'ಬಲ ಬಲ, ಎಡ ಎಡ' ಎಂದು ದಿನಕ್ಕೆ ಕಾಲು ಗಂಟೆಯಂತೆ ಒಂದು ವರ್ಷ ಹೇಳಿಕೊಡಬೇಕು, ಅಷ್ಟೇ. ಡ್ರಮ್ಮು ಬೇಕೆಂದೂ ಇಲ್ಲ. ಮಣೆಯ ಮೇಲೆ ರಬ್ಬರಿನ ತುಂಡು ಅಂಟಿಸಿದರೆ ಸಾಕು, ನೆರೆಯವರ ಆಶೀರ್ವಾದವೂ ದೊರೆಯುತ್ತದೆ.

ವಾದ್ಯದ ಆರೈಕೆಯ ವಿಷಯವಾಗಿ ಒಂದು ಮಾತು. ಹಿಂದೆ ಕರುವಿನ ಚರ್ಮವಿದ್ದಾಗ ಮಳೆಗಾಲದಲ್ಲಿ ಅದು ತೇವಕ್ಕೆ ಜೋಲುತ್ತಿತ್ತು. ತಮಟೆಯವರು ಮಾಡುವಂತೆ ಬೆಂಕಿಯ ಬಳಿ ಹಿಡಿದು ಕಾಯಿಸಬೇಕಿತ್ತು. 1950ರ ದಶಕದ ಕೊನೆಯಿಂದ ಪ್ಲಾಸ್ಟಿಕ್ ಮುಖಗಳು ಬಂದ ಮೇಲೆ ಆ ಕಷ್ಟ ತಪ್ಪಿತು. ಆದರೆ ಕೆಳಗಿನ ತಂತಿಗಳು ಎಂದಿನಂತೆ ಚೇಷ್ಟೆ ಮಾಡುತ್ತವೆ. ಮೆರವಣಿಗೆ ಮುಗಿದು ಡ್ರಮ್ಮನ್ನು ದೇವಾಲಯದ ಹಿಂಬದಿಯಲ್ಲಿ ಇಟ್ಟಿರುವಾಗ ಒಳಗೆ ಆರ್ಗನ್ ಅಥವಾ ಹಾರ್ಮೋನಿಯಂ ನುಡಿದರೆ, ಯಾರೂ ಮುಟ್ಟದಿದ್ದರೂ ಆ ತಂತಿಗಳು ಸ್ವರಕ್ಕೆ ಓಗೊಟ್ಟು ಗುಂಯ್‌ಗುಡುತ್ತವೆ. ಡ್ರಮ್ಮಿನ ಪಕ್ಕದಲ್ಲಿ ಸಣ್ಣದೊಂದು ಸನ್ನೆಯಿದೆ. ಅದನ್ನು ಕೆಳಕ್ಕೆ ಒತ್ತಿದರೆ ತಂತಿಗಳು ಚರ್ಮವನ್ನು ಬಿಟ್ಟು ಸುಮ್ಮನಾಗುತ್ತವೆ. ಪರಮಪ್ರಸಾದದ ಆಶೀರ್ವಾದ ಆರಂಭವಾಗುವ ಮುನ್ನ ಬ್ಯಾಂಡಿನ ಹುಡುಗರು ಇದನ್ನು ಮರೆಯದೆ ಒತ್ತಬೇಕೆಂದು ಕೋರುತ್ತೇನೆ.